ಹಿಂದಿನ ಸೀಟಿನ ನಡುವಿನವರು

ಬೈರಮಂಗಲದ ಸುತ್ತಿನವರು ಹೊಸ ಕಾರನ್ನು ಅದಕ್ಕೆ ನಂಬರು ಬೀಳುವ ಮೊದಲೇ ನೋಡಿಬಿಡುತ್ತೇವೆ. ಬಿಡದಿ ಕಡೆಗೆ ಹೊರಟರೆ ಉದ್ದನೆಯ ಟ್ರೇಲರ್ ಲಾರಿಗಳು ಎರಡಂತಸ್ತಿನಲ್ಲಿ ಗಾಡಿಗಳನ್ನು ಹೇರಿಕೊಂಡು ಎದುರಾಗುತ್ತವೆ. ಷಿಫ್ಟ್ ಬದಲಾಗುವ ಹೊತ್ತಿಗೆ ಕಂಪನಿ ಬಸ್ಸುಗಳ ಸಾಲು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಶುರುವಾಗಿ, 432 ಎಕರೆಯಲ್ಲಿ ಕಾರ್ಖಾನೆ ಎದ್ದು, 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಿಕೆ ಆರಂಭವಾಯಿತು. ಅಲ್ಲಿಂದೀಚೆಗೆ ನಮ್ಮ ಹೋಬಳಿಯಲ್ಲಿ ಒಂದು ತಲೆಮಾರು ಕಾರಿನ ಮಾತು ಕೇಳಿಕೊಂಡೇ ಬೆಳೆದಿದೆ. 2007ರಲ್ಲಿ ಕಂಪನಿಯವರ ತರಬೇತಿ ಶಾಲೆಯೂ ಬಂತು. ಹಳ್ಳಿಗಾಡಿನ ಬಡ ಮನೆಗಳ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಸೇರಿ ವೆಲ್ಡಿಂಗು, ಪೇಂಟು, ಅಸೆಂಬ್ಲಿ ಕಲಿತು ಹೊರಬರುತ್ತಾರೆ. ಹಾಗಾಗಿ ನಮ್ಮ ಟೀ ಅಂಗಡಿಗಳಲ್ಲಿ ಮಳೆ, ಹಾಲಿನ ರೇಟು, ರೇಷ್ಮೆ ಗೂಡಿನ ರೇಟು ಮುಗಿದ ಮೇಲೆ ಮಾತು ತಾನಾಗಿ ಕಾರಿಗೆ ತಿರುಗುತ್ತದೆ.

ಆ ಮಾತುಗಳನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ. ಮೈಲೇಜು ಎಷ್ಟು, ಪಿಕಪ್ ಹೇಗೆ, ರೀಸೇಲ್ ಏನು ಸಿಗುತ್ತದೆ, ಎಲ್ಲವೂ ಬರುತ್ತದೆ. ಹಿಂದಿನ ಸೀಟಿನ ನಡುವೆ ಯಾರು ಕೂರುತ್ತಾರೆ ಎಂಬ ಮಾತು ಮಾತ್ರ ಬರುವುದಿಲ್ಲ. ಮನೆಮಂದಿಗೆಂದು ತೆಗೆದುಕೊಳ್ಳುವ ಕಾರನ್ನು ಅಳೆಯಬೇಕಾದದ್ದು ಆ ಜಾಗದಿಂದಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಸ್ಟಿಯರಿಂಗ್ ಹಿಡಿದವನ ಸುಖವನ್ನು ಕಂಪನಿಗಳು ತಾವಾಗಿಯೇ ನೋಡಿಕೊಳ್ಳುತ್ತವೆ, ಜಾಹೀರಾತೆಲ್ಲ ಅವನಿಗೇ ಮೀಸಲು. ಪಕ್ಕದಲ್ಲಿ ಕೂತವರಿಗೆ ಎ.ಸಿ. ಕೈಗೆಟಕುತ್ತದೆ. ಹಿಂದಿನ ಎರಡು ಕಿಟಕಿಗಳು ಮಕ್ಕಳ ಪಾಲು, ಅದಕ್ಕೆ ಕೋರ್ಟು ಕಚೇರಿ ಬೇಕಿಲ್ಲ. ಉಳಿಯುವುದು ನಡುಸೀಟು. ಅಲ್ಲಿ ಕೂರುವುದು ‘ನಂಗೇನು, ಎಲ್ಲಾದ್ರೂ ಕೂತ್ಕೋತೀನಿ’ ಅನ್ನುವವರು. ನಮ್ಮ ಮನೆಯಲ್ಲಿ ಅದು ನಮ್ಮ ಅವ್ವ.

ನಾವು ಕಾರು ತೆಗೆದುಕೊಂಡದ್ದು 2013ರಲ್ಲಿ. ಆಗ ಡೀಸೆಲ್ಲಿಗೆ ಇನ್ನೂ ಸರ್ಕಾರದ ಸಹಾಯಧನವಿತ್ತು. ಅದು ಪೂರ್ತಿ ಹೋದದ್ದು 2014ರ ಅಕ್ಟೋಬರಿನಲ್ಲಿ. ಹಾಗಾಗಿ ಸ್ವಲ್ಪ ಹೆಚ್ಚು ಓಡಾಟವಿದ್ದವರೆಲ್ಲ ಡೀಸೆಲ್ ಗಾಡಿಯನ್ನೇ ಕೇಳುತ್ತಿದ್ದ ಕಾಲ. ನಮ್ಮ ಕಣ್ಣು ಬಿದ್ದದ್ದು ಪಕ್ಕದಲ್ಲೇ ತಯಾರಾಗುತ್ತಿದ್ದ ಟೊಯೋಟಾದ ಇಟಿಯಾಸ್ ಸೆಡಾನ್ ಮೇಲೆ. ಬಿಡದಿಯ ಎರಡನೇ ಕಾರ್ಖಾನೆಯನ್ನು ಆ ಕಾರಿಗೆಂದೇ ಕಟ್ಟಿ, 2010ರ ಡಿಸೆಂಬರಿನಲ್ಲಿ 4.96 ಲಕ್ಷದ ಆರಂಭಿಕ ಬೆಲೆಗೆ ಬಿಡುಗಡೆ ಮಾಡಿದ್ದರು. 2011ರಲ್ಲಿ ಡೀಸೆಲ್ ಬಂತು: 1364 ಸಿ.ಸಿ. ಎಂಜಿನ್, 68 ಕುದುರೆ ಬಲ, ಕಾಗದದ ಮೇಲೆ ಲೀಟರಿಗೆ 23.59 ಕಿಲೋಮೀಟರ್. ಇಲ್ಲಿಂದ ಹಡಗೇರಿ ದಕ್ಷಿಣ ಆಫ್ರಿಕಕ್ಕೂ ಹೋದ ಕಾರು ಅದು.

ಷೋರೂಮಿಗೆ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಮಾರುವ ಹುಡುಗ ಮರ್ಯಾದಸ್ಥ. ನನಗೆ ಡ್ರೈವರ್ ಸೀಟಿನ ಬಾಗಿಲು ತೆಗೆದು, ಅವ್ವನಿಗೆ ‘ಅಮ್ಮ, ಒಳಗೆ ಕೂತ್ಕೊಳಿ, ಎ.ಸಿ. ಇದೆ’ ಎಂದು ಸೋಫಾ ತೋರಿಸಿದ. ನಾನು ಅವ್ವನನ್ನೇ ಮೊದಲು ಕಾರೊಳಗೆ, ಹಿಂದಿನ ಸೀಟಿನ ನಡುವೆ ಕೂರಿಸಿದೆ. ಅದಕ್ಕೂ ಮೊದಲು ಬೇರೆ ಬೇರೆ ಕಾರುಗಳಲ್ಲಿ ಹೀಗೆಯೇ ಕೂರಿಸಿ ನೋಡಿದ್ದಾಗಿತ್ತು. ಹೆಚ್ಚಿನವುಗಳಲ್ಲಿ ಕಾಲಿಡುವ ಜಾಗದ ನಡುವೆ ಉದ್ದಕ್ಕೂ ಒಂದು ದಿಣ್ಣೆ ಎದ್ದಿರುತ್ತದೆ. ಅದರ ಅಡಿಯಲ್ಲಿ ಹೊಗೆಕೊಳವೆ ಹಾದುಹೋಗುತ್ತದೆ, ಮೈಕಟ್ಟಿಗೂ ಅದರಿಂದ ಬಲ. ಎಂಜಿನಿಯರುಗಳಿಗೆ ಬೇಕಾದ ದಿಣ್ಣೆಯೇ ಸರಿ. ಆದರೆ ಸೀರೆ ಉಟ್ಟ ಹೆಂಗಸು ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು ಕೂರಬೇಕು, ಇಲ್ಲವೇ ಎರಡೂ ಪಾದ ದಿಣ್ಣೆಯ ಮೇಲಿಟ್ಟು ಮೊಣಕಾಲು ಎದೆಯ ಹತ್ತಿರ ತಂದುಕೊಳ್ಳಬೇಕು. ಇಟಿಯಾಸ್‌ನಲ್ಲಿ ಆ ನೆಲ ಹೆಚ್ಚುಕಡಿಮೆ ಸಮತಟ್ಟು. ಅವ್ವ ಎರಡೂ ಪಾದ ಜೋಡಿಸಿ ಇಟ್ಟು, ಸೆರಗು ಸರಿಮಾಡಿಕೊಂಡು, ಆ ಕಡೆ ಈ ಕಡೆ ನೋಡಿ, ‘ಇದ್ರಲ್ಲಿ ಕೂರ್ಬೋದು ಕಣ್ ಮಗ’ ಎಂದರು. ನನ್ನ ಪಾಲಿಗೆ ಕಾರು ಆರಿಸಿ ಆಯಿತು. ಓಡಿಸಿ ನೋಡಿದ್ದು ಆಮೇಲೆ.

ಸೆಡಾನಿನ ಸೀಟು ತಗ್ಗು ಎಂಬ ಮಾತಿದೆ. ನಿಜ. ಮಂಡಿನೋವಿದ್ದವರು ಮೊದಲು ಸೀಟಿನಂಚಿಗೆ ಪೂರ್ತಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದುಕೊಳ್ಳಬೇಕು. ಏಳುವಾಗ ಅದರ ತಿರುಗುಮುರುಗು. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಮೈ ತಿರುಗಿಸಿದರೆ ನೋವು ಹೆಚ್ಚುತ್ತದೆ. ಇದನ್ನು ರೂಢಿ ಮಾಡಿಕೊಂಡರೆ ತಗ್ಗಿನ ಸೀಟೇ ಅನುಕೂಲ. ಎತ್ತರದ ಗಾಡಿಗೆ ಫುಟ್‌ಬೋರ್ಡ್ ಮೇಲೆ ಕಾಲಿಟ್ಟು, ಸೀರೆಯ ನಿರಿಗೆ ಎತ್ತಿ ಹಿಡಿದು, ಹಿಡಿಕೆಗೆ ಜೋತುಬಿದ್ದು ಹತ್ತುವ ವಯಸ್ಸಾದವರ ಪಾಡನ್ನು ಮದುವೆ ಛತ್ರದ ಮುಂದೆ ನಿಂತು ನೋಡಿದವರಿಗೆ ಈ ಮಾತು ಗೊತ್ತಾಗುತ್ತದೆ.

ಕೊಳ್ಳುವಾಗಿನ ಲೆಕ್ಕಾಚಾರದ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಹಳ್ಳಿಯಿಂದ ಮೊದಲ ಸಲ ಕಾರು ತರುವವರು ದಾರಿ ತಪ್ಪುವುದು ಅಲ್ಲೇ. ಪೇಪರಿನಲ್ಲಿ ಬರುವ ಬೆಲೆ ಒಂದು, ರಸ್ತೆಗಿಳಿಯುವಾಗಿನ ಬೆಲೆ ಇನ್ನೊಂದು. ಕರ್ನಾಟಕದಲ್ಲಿ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇಕಡಾ 14, ಅದರ ಮೇಲೆ ಸೆಸ್ಸು. ಇದು ಸರ್ಕಾರಕ್ಕೆ ಹೋಗುವ ಹಣ, ಚೌಕಾಸಿಗೆ ಜಾಗವಿಲ್ಲ. ಆದರೆ ಇನ್ಶೂರೆನ್ಸನ್ನು ಷೋರೂಮಿನವರ ಹತ್ತಿರವೇ ಮಾಡಿಸಬೇಕೆಂಬ ಕಾಯಿದೆಯಿಲ್ಲ. ಸೀಟ್ ಕವರು, ಮ್ಯಾಟು, ಪಾಲಿಷು ಎಂದು ಪಟ್ಟಿಗೆ ಸೇರುವವೆಲ್ಲ ನಮ್ಮಿಷ್ಟ. ಗಾಡಿ ಕೈಗೆ ಬರುವ ಮೊದಲು ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನು ಓದಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2313 ಎಂದಿದ್ದರೆ ಆ ಟೈರು 2013ರ ಇಪ್ಪತ್ಮೂರನೇ ವಾರ ತಯಾರಾದದ್ದು. ಐದೂ ಟೈರು ನೋಡಿದರೆ ಗಾಡಿ ಯಾರ್ಡಿನಲ್ಲಿ ಎಷ್ಟು ಕಾಲ ನಿಂತಿತ್ತು ಎಂಬ ಅಂದಾಜು ಸಿಗುತ್ತದೆ. ಹಗಲು ಬೆಳಕಿನಲ್ಲಿ, ಬಯಲಿನಲ್ಲಿ ನಿಲ್ಲಿಸಿ ಬಣ್ಣ ನೋಡುವುದು ಇನ್ನೊಂದು.

ಕೆಎ 42 ನಂಬರು ಬಿತ್ತು. ರಾಮನಗರದ ನಂಬರು. 2007ರಲ್ಲಿ ಜಿಲ್ಲೆಯಾದ ಊರಿನ ಗುರುತು ಅದು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾದರೂ ನಮ್ಮ ಪ್ಲೇಟಿನ ಮೇಲೆ ಹಾಗೇ ಇದೆ. ಹೊಸ ಗಾಡಿಯನ್ನು ಮೊದಲು ಕಬ್ಬಾಳಿಗೆ ಒಯ್ಯುವುದು ನಮ್ಮ ಸೀಮೆಯ ಪದ್ಧತಿ. ಹಾರೋಹಳ್ಳಿ, ಕನಕಪುರ, ಸಾತನೂರು ದಾಟಿ ಕಬ್ಬಾಳಮ್ಮನ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಪೂಜೆ ಮಾಡಿಸಿ, ಹಿಂದಿನ ಗಾಜಿಗೆ ಅಮ್ಮನ ಹೆಸರಿನ ಸ್ಟಿಕರ್ ಅಂಟಿಸಿಕೊಂಡು ಬರುವುದು. ನಾವೂ ಹೋದೆವು. ಆ ದಾರಿಯ ಏರಿಳಿತ, ತಿರುವುಗಳಲ್ಲೇ ನನಗೆ ಗಾಡಿಯ ಗುಣ ತಿಳಿದದ್ದು. ಸೆಡಾನು ನೆಲಕ್ಕೆ ಹತ್ತಿರ ಕೂತ ಗಾಡಿ. ತಿರುವಿನಲ್ಲಿ ಮೈ ವಾಲುವುದು ಕಡಿಮೆ. ಹಿಡಿದುಕೊಳ್ಳಲು ಕಿಟಕಿಯ ಕಡೆಯವರಿಗೆ ಹಿಡಿಕೆಯಿದೆ, ನಡುವಿನವರಿಗೆ ಏನೂ ಇಲ್ಲ. ವಾಲದ ಗಾಡಿಯ ಬೆಲೆ ಅವರಿಗೇ ಹೆಚ್ಚು ಗೊತ್ತು. ಸಾತನೂರಿನ ತಿರುವುಗಳಲ್ಲಿ ಅವ್ವ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು.

ಬೈರಮಂಗಲದಲ್ಲಿ ಕಾರು ಓಡಿಸುವವರಿಗೆ ಬೇರೆ ಊರಿನವರು ಕಲಿಯಬೇಕಿಲ್ಲದ ಒಂದು ಅಭ್ಯಾಸವಿದೆ. ಅದು ಗಾಳಿಯ ಬಟನ್ನು. ವೃಷಭಾವತಿ ಬೆಂಗಳೂರಿನ ಬಸವನಗುಡಿ ಕಡೆ ಹುಟ್ಟಿ, ಕೆಂಗೇರಿ ಹಾದು, ನಗರದ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತುಕೊಂಡು ನಮ್ಮ ಕೆರೆಗೆ ಬಂದು ಬೀಳುತ್ತದೆ. 1940ರ ದಶಕದಲ್ಲಿ ರೈತರ ಜಮೀನಿಗೆ ನೀರು ಕೊಡಲೆಂದು ಕಟ್ಟಿದ ಜಲಾಶಯ ಇದು. ಈಗ ಕೋಡಿಯ ಬಳಿ ಬಿಳಿ ನೊರೆ ಏಳುತ್ತದೆ. ಕೊಳಚೆಯಿಂದ ಹೊರಡುವ ಗಂಧಕದ ಗಾಳಿಗೆ ಬೆಳ್ಳಿ ಕಾಲ್ಚೈನು ಕಪ್ಪಾಗುತ್ತದೆ. ಆ ನೀರಿನಲ್ಲೇ ಬೇಬಿ ಕಾರ್ನ್, ಸೀಮೆಹುಲ್ಲು, ತೆಂಗು ಬೆಳೆಯುತ್ತಿದ್ದೇವೆ, ಆ ಹುಲ್ಲು ತಿಂದ ಹಸುಗಳ ಹಾಲು ಡೈರಿಗೆ ಹಾಕುತ್ತಿದ್ದೇವೆ. ನಗರ ಒಂದು ಹನಿಯನ್ನೂ ಶುದ್ಧ ಮಾಡದೆ ಹೊರಗೆ ಬಿಡಬಾರದು ಎಂದು ಕೇಳುವುದು ನಮ್ಮ ಹಕ್ಕು. ಅದು ಆಗುವವರೆಗೆ ಕಾರಿನಲ್ಲಿ ಕೂತವರು ಮಾಡಬಹುದಾದ್ದು ಇಷ್ಟೇ: ಏರಿ ಸಿಗುವ ಮೊದಲೇ ಹೊರಗಾಳಿಯನ್ನು ಮುಚ್ಚಿ ಒಳಗಾಳಿ ಸುತ್ತುವ ಬಟನ್ ಒತ್ತುವುದು. ವಾಸನೆ ಬಂದ ಮೇಲೆ ಒತ್ತಿದರೆ ಒಳಗೆ ಬಂದದ್ದು ಒಳಗೇ ಸುತ್ತುತ್ತದೆ. ಊರು ದಾಟಿದ ಮೇಲೆ ಮರೆಯದೆ ಮತ್ತೆ ಹೊರಗಾಳಿಗೆ ತಿರುಗಿಸಬೇಕು. ಐದು ಜನ ಮುಚ್ಚಿದ ಕಾರಿನಲ್ಲಿ ಬಹಳ ಹೊತ್ತು ಅದೇ ಗಾಳಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ, ಡ್ರೈವರಿಗೂ ಬರುತ್ತದೆ.

ಸೆಡಾನ್ ಎಂದರೆ ಮೂರು ಪೆಟ್ಟಿಗೆಯ ಕಾರು. ಮುಂದೆ ಎಂಜಿನು, ನಡುವೆ ಜನ, ಹಿಂದೆ ಡಿಕ್ಕಿ. ನಮ್ಮ ಹಿರಿಯರು ಕಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಇದೇ ಅಚ್ಚಿನವು. ಡಿಕ್ಕಿ ಬೇರೆಯಾಗಿರುವುದು ರೈತಾಪಿ ಮನೆಗೆ ದೊಡ್ಡ ಅನುಕೂಲ. ಇಟಿಯಾಸ್‌ನ ಡಿಕ್ಕಿ 595 ಲೀಟರು. ಹಲಸಿನ ಹಣ್ಣು, ಹಿಂಡಿ ಮೂಟೆ, ಬೇಬಿ ಕಾರ್ನ್ ಚೀಲ, ಊರ ಹಬ್ಬದ ದಿನ ಮಾಂಸದ ಡಬರಿ, ಯಾವುದರ ವಾಸನೆಯೂ ಜನರಿದ್ದ ಕಡೆ ಬರುವುದಿಲ್ಲ. ಹಿಂದೆ ಬಾಗಿಲಿರುವ ಗಾಡಿಯಲ್ಲಿ ಹೇರಿದ ಸಾಮಾನು ಹಿಂದಿನ ಸೀಟಿನವರ ತಲೆಯ ಹಿಂದೆಯೇ ಇರುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ಮುಂದಕ್ಕೆ ನುಗ್ಗುತ್ತದೆ. ಇಲ್ಲಿ ನಡುವೆ ಸೀಟಿನ ಗೋಡೆ ಇದೆ.

ಆದರೆ ಡಿಕ್ಕಿಗೆ ಹಾಕಬಾರದ ಒಂದು ಬೆಳೆಯೂ ನಮ್ಮಲ್ಲಿದೆ. ಅದು ರೇಷ್ಮೆ ಗೂಡು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಗೂಡನ್ನು ಟೆಂಪೋದಲ್ಲಿ, ಗೂಡ್ಸ್ ಆಟೋದಲ್ಲಿ ಒಯ್ಯುವುದು ರೂಢಿ. ಕೊನೆಯ ಗಳಿಗೆಯಲ್ಲಿ ಗಾಡಿ ಸಿಗದಿದ್ದಾಗ ಮನೆ ಕಾರಿಗೇ ಹಾಕಿಕೊಂಡು ಹೊರಡುವವರೂ ಇದ್ದಾರೆ. ಗೂಡಿನೊಳಗಿನ ಹುಳು ಬದುಕಿರುತ್ತದೆ, ಉಸಿರಾಡುತ್ತದೆ, ಬಿಸಿ ಮತ್ತು ತೇವ ಬಿಡುತ್ತದೆ. ಗಾಳಿಯಾಡದ ಡಿಕ್ಕಿಯಲ್ಲಿ ಒತ್ತಿ ತುಂಬಿದರೆ ಗೂಡು ಬೆವರಿ, ನೂಲು ಬಿಚ್ಚುವಾಗ ಎಳೆ ಕಡಿಯುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಹಾಗಾಗಿ ಹಿಂದಿನ ಸೀಟಿನ ಮೇಲೆ ಹಳೆಯ ಜಮಖಾನ ಹಾಸಿ, ಸಡಿಲವಾದ ಚೀಲಗಳಲ್ಲಿಟ್ಟು, ಗಾಜು ಇಳಿಸಿ, ಬಿಸಿಲೇರುವ ಮೊದಲೇ ಹೊರಡಬೇಕು. ತಿಂಗಳೊಪ್ಪತ್ತು ಕಷ್ಟಪಟ್ಟು ಹುಳು ಸಾಕಿದವರಿಗೆ ಆ ಹೊತ್ತಿನಲ್ಲಿ ಸೀಟಿನ ಮೇಲೆ ಕೂರಬೇಕಾದವರು ಯಾರು ಎಂಬುದರಲ್ಲಿ ಗೊಂದಲವೇ ಇಲ್ಲ.

ಹಂಪಿನ ವಿಷಯಕ್ಕೆ ಬರೋಣ. ಸೆಡಾನ್ ಬೇಡ ಎನ್ನುವವರ ದೊಡ್ಡ ಕಾರಣ ಅದೇ. ನಮ್ಮ ಹಳ್ಳಿಗಳಲ್ಲಿ ಹಂಪು ಹಾಕಿರುವುದಕ್ಕೆ ಅಳತೆಯಿಲ್ಲ, ಬಣ್ಣವಿಲ್ಲ, ಬೋರ್ಡಿಲ್ಲ. ಇಟಿಯಾಸ್‌ಗೆ ನೆಲದಿಂದ 170 ಮಿಲಿಮೀಟರ್ ಎತ್ತರ. ಒಬ್ಬರೇ ಇದ್ದಾಗ ಧಾರಾಳ. ಐದು ಜನ ಕೂತು ಡಿಕ್ಕಿ ತುಂಬಿದರೆ ಹಿಂಭಾಗ ತಗ್ಗುತ್ತದೆ. ಆಗ ಪೂರ್ತಿ ನಿಧಾನಿಸಿ, ಕೊಂಚ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಬ್ರೇಕನ್ನು ಹಂಪಿನ ತುದಿಯವರೆಗೂ ಹಿಡಿದಿರಬಾರದು. ಬ್ರೇಕಿನಲ್ಲಿ ಮೂತಿ ತಗ್ಗಿರುತ್ತದೆ, ಬಿಟ್ಟರೆ ಏಳುತ್ತದೆ. ಇಷ್ಟು ಮಾಡಿದರೆ ಅಡಿ ತಾಗುವುದು ಅಪರೂಪ. ಹಂಪಿನ ಕುಲುಕು ಹೆಚ್ಚು ಬಡಿಯುವುದೂ ಹಿಂದಿನ ಸೀಟಿಗೇ, ಏಕೆಂದರೆ ಅದು ಹಿಂದಿನ ಚಕ್ರಗಳ ಹತ್ತಿರ ಇರುತ್ತದೆ. ಮುಂದೆ ಕೂತವರಿಗೆ ಸಣ್ಣದೆನಿಸಿದ ಹಳ್ಳ ಹಿಂದಿನವರ ಬೆನ್ನುಮೂಳೆಗೆ ಸಣ್ಣದಲ್ಲ. ಒಳ್ಳೆಯ ಡ್ರೈವರು ಎಂದರೆ ತನ್ನ ಸೀಟಿನ ಕುಲುಕನ್ನಲ್ಲ, ಹಿಂದಿನ ಸೀಟಿನ ಕುಲುಕನ್ನು ಎಣಿಸುವವನು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿಲೋಮೀಟರು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಎಲ್ಲವೂ ಬೈಪಾಸಿನ ಆಚೆಗೆ ಉಳಿದವು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ರಸ್ತೆ ನಿಷೇಧವಾಯಿತು. ಹತ್ತಿರದ ಕೆಲಸಕ್ಕೆ ನಮ್ಮ ಕಡೆಯವರಿಗೆ ಸರ್ವೀಸ್ ರಸ್ತೆಯೇ ಗತಿ. ಮೈಸೂರಿನ ಆಸ್ಪತ್ರೆಗೋ ಮದುವೆಗೋ ಹೋಗುವಾಗ ಮಾತ್ರ ಮೇಲಕ್ಕೆ ಹತ್ತುತ್ತೇವೆ. ಅಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ.

ಆ ರಸ್ತೆಯಲ್ಲಿ ಇಟಿಯಾಸ್‌ನ ಇನ್ನೊಂದು ಗುಣ ಎದ್ದು ಕಂಡಿತು. ಅದರ ಸ್ಪೀಡೋಮೀಟರು ಸ್ಟಿಯರಿಂಗ್ ಹಿಂದೆ ಇಲ್ಲ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ. ಹಲವರಿಗೆ ಅದು ಹಿಡಿಸಲಿಲ್ಲ. ನಮಗೆ ಅದೇ ವರವಾಯಿತು, ಏಕೆಂದರೆ ಹಿಂದಿನ ನಡುಸೀಟಿನವರಿಗೆ ಮುಳ್ಳು ಕಾಣುತ್ತದೆ. ಅವ್ವನಿಗೆ ಅಂಕಿ ಓದಲು ಮೊಮ್ಮಕ್ಕಳು ಕಲಿಸಿದ್ದರು. ಮುಳ್ಳು ಎಂಬತ್ತು ದಾಟಿದರೆ ‘ಯಾಕ್ಲಾ, ಯಾರು ಕಾಯ್ತಾವ್ರೆ ಅಲ್ಲಿ?’ ಎಂಬ ಮಾತು ಬರುತ್ತಿತ್ತು. ಅವರ ಎಂಬತ್ತರ ಹಿಂದೆ ಗಟ್ಟಿ ಲೆಕ್ಕವಿದೆ. ವೇಗ ಎಂಬತ್ತರಿಂದ ನೂರಕ್ಕೆ ಏರಿದಾಗ ವೇಗ ಹೆಚ್ಚಿದ್ದು ಕಾಲುಪಾಲು. ಆದರೆ ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಮೀರಿ ಬೆಳೆಯುತ್ತದೆ. ಎದುರುಗಾಳಿಯ ತಡೆಯೂ ಹಾಗೆಯೇ ಬೆಳೆಯುವುದರಿಂದ ಡೀಸೆಲ್ಲೂ ಉರಿಯುತ್ತದೆ. ಮೈಸೂರಿಗೆ ಉಳಿಯುವ ಸಮಯವೋ ಇಪ್ಪತ್ತು ನಿಮಿಷದ ಒಳಗೆ. ಎಂಬತ್ತರಲ್ಲಿ ಹೋಗುವ ಕಾರಿನೊಳಗೆ ಐದೂ ಜನ ದನಿ ಎತ್ತರಿಸದೆ ಮಾತಾಡಿಕೊಳ್ಳಬಹುದು. ಮನೆಮಂದಿ ಒಟ್ಟಿಗೆ ಹೊರಡುವುದೇ ಅದಕ್ಕೆ.

ಬೆಲ್ಟಿನ ಮಾತನ್ನು ಇಲ್ಲಿಯೇ ಆಡಿಬಿಡಬೇಕು. ಮುಂದಿನವರು ಪೊಲೀಸರ ಭಯಕ್ಕಾದರೂ ಹಾಕುತ್ತಾರೆ. ಹಿಂದಿನವರು ಹಾಕುವುದು ಇವತ್ತಿಗೂ ಕಡಿಮೆ. ಮೋಟಾರು ವಾಹನ ಕಾಯಿದೆಯ 194 ಬಿ ಪ್ರಕಾರ ಬೆಲ್ಟ್ ಇಲ್ಲದೆ ಕೂತರೆ 1000 ರೂಪಾಯಿ ದಂಡ, ಅದು ಹಿಂದಿನ ಸೀಟಿಗೂ ಅನ್ವಯ. ದಂಡ ಬಿಡಿ, ಅಪಘಾತವಾದರೆ ನಡುವೆ ಕೂತವರ ಮುಂದೆ ತಡೆಯಲು ಏನೂ ಇರುವುದಿಲ್ಲ. ಎರಡು ಸೀಟಿನ ಸಂದಿಯಲ್ಲಿ ನೇರ ಮುಂದಿನ ಗಾಜಿಗೆ ದಾರಿ. ಹಳೆಯ ಕಾರುಗಳಲ್ಲಿ ನಡುವಿನವರಿಗೆ ಕೊಟ್ಟಿರುವುದು ಸೊಂಟಕ್ಕೆ ಕಟ್ಟುವ ಪಟ್ಟಿ ಮಾತ್ರ. ಅದನ್ನೂ ಸೀಟಿನಡಿಗೆ ಮಡಚಿಟ್ಟು ಮರೆತವರೇ ಹೆಚ್ಚು. ಹೊರಗೆ ತೆಗೆದು, ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿದು ಕಟ್ಟಬೇಕು.

ಮಳೆಗಾಲದ ಎಚ್ಚರಿಕೆಯೂ ಒಂದಿದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯ ಅಂಡರ್‌ಪಾಸಿನಲ್ಲಿ ನೀರು ನಿಂತು ಬಸ್ಸು ಕಾರುಗಳೇ ಮುಳುಗಿದ್ದವು. ನೀರಿನ ಆಳ ಚಕ್ರದ ನಡುಮಟ್ಟ ದಾಟುತ್ತದೆ ಅನಿಸಿದರೆ ಸೆಡಾನನ್ನು ಇಳಿಸಬಾರದು. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಬಾರದು. ಗಾಳಿ ಎಳೆಯುವ ಕೊಳವೆಯಲ್ಲಿ ನೀರು ನುಗ್ಗಿದ್ದರೆ ಪಿಸ್ಟನ್ನು ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯ ಆಸೆ ಬಿಟ್ಟು, ಮೊದಲು ಜನರನ್ನು ಇಳಿಸಬೇಕು. ಇಳಿಯಲು ಕೊನೆಯಲ್ಲಿ ಸರದಿ ಬರುವುದು ಯಾರದೆಂದು ಬೇರೆ ಹೇಳಬೇಕಿಲ್ಲ.

ಇಟಿಯಾಸ್ ಎಂದರೆ ಟ್ಯಾಕ್ಸಿ ಎಂದು ಮೂಗೆಳೆದವರಿದ್ದರು. ಬೆಂಗಳೂರಿನಲ್ಲಿ ಹಳದಿ ಬೋರ್ಡಿನ ಇಟಿಯಾಸ್‌ಗಳು ಲೆಕ್ಕವಿಲ್ಲದಷ್ಟು ಓಡಿವೆ. ಮಂಡ್ಯ, ಮಾಗಡಿ, ಕನಕಪುರದ ಎಷ್ಟೋ ಹುಡುಗರು ಜಮೀನಿನ ಆದಾಯ ಸಾಲದಾದಾಗ ಅದನ್ನೇ ನಂಬಿ ಸಂಸಾರ ಕಟ್ಟಿಕೊಂಡರು. ಹೊಟ್ಟೆಪಾಡಿಗಾಗಿ ಗಾಡಿ ಆರಿಸುವವನಷ್ಟು ಕಟ್ಟುನಿಟ್ಟಿನ ಗಿರಾಕಿ ಇನ್ನೊಬ್ಬನಿಲ್ಲ. ಕೆಡುವ ಗಾಡಿಯನ್ನು ಅವನು ಎರಡನೇ ಸಲ ತರುವುದಿಲ್ಲ. ಅವನ ಆಯ್ಕೆಯೇ ನನಗೆ ದೊಡ್ಡ ಸರ್ಟಿಫಿಕೇಟು. ಬಾಡಿಗೆ ಕಟ್ಟುವವರು ಕೂರುವುದೂ ಹಿಂದಿನ ಸೀಟಿನಲ್ಲೇ ಅಲ್ಲವೇ?

2020ರಲ್ಲಿ ಬಿ.ಎಸ್. 6 ನಿಯಮ ಬಂದಾಗ ಇಟಿಯಾಸ್ ತಯಾರಿಕೆ ನಿಂತಿತು. ಅಂಬಾಸಿಡರ್ 2014ರಲ್ಲೇ ಹೋಗಿತ್ತು. ಈಗ ನಮ್ಮ ರಸ್ತೆಗಳಲ್ಲಿ ಎದುರಾಗುವ ಟ್ರೇಲರುಗಳ ಮೇಲೆ ಎತ್ತರದ ಗಾಡಿಗಳದೇ ಕಾರುಬಾರು. ಕಾಲ ಬದಲಾಗುತ್ತದೆ, ಜನಕ್ಕೆ ಎತ್ತರ ಬೇಕು, ದೊಡ್ಡ ಸ್ಕ್ರೀನು ಬೇಕು, ಮೇಲೆ ಗಾಜಿನ ಸೂರು ಬೇಕು. ಬೇಕೆನ್ನುವುದು ತಪ್ಪಲ್ಲ. ಆದರೆ ಹಿಂದಿನ ನಡುಸೀಟನ್ನು ಒತ್ತಿ ನೋಡಿ. ಅನೇಕ ಗಾಡಿಗಳಲ್ಲಿ ಅದು ಗಟ್ಟಿ ದಿಂಬು. ಬೆನ್ನಿಗೆ ಮಡಚುವ ಕೈಯಾಸರೆಯ ಉಬ್ಬು, ಕಾಲಿಗೆ ದಿಣ್ಣೆ, ಎದುರಿಗೆ ಎ.ಸಿ. ಕಂಡಿಯ ಡಬ್ಬ. ಐದು ಜನರ ಕಾರು ಎಂದು ಆರ್.ಸಿ.ಯಲ್ಲಿ ಬರೆದು, ನಾಲ್ಕು ಜನರಿಗೆ ಮಾತ್ರ ಸೀಟು ಮಾಡಿದ ಕಾರು ಅದು.

ನಮ್ಮ ಸುತ್ತ ಈಗ ಬಿಡದಿ ಟೌನ್‌ಶಿಪ್ಪಿನ ಭೂಸ್ವಾಧೀನದ ಮಾತು. ಬೈರಮಂಗಲ, ಕಂಚುಗಾರನಹಳ್ಳಿಯ ರೈತರು ಜಮೀನು ಉಳಿಸಿಕೊಳ್ಳಲು ಹೋರಾಡುತ್ತಿದ್ದಾರೆ. ಕೆಲವರ ಕೈಗೆ ಹಣ ಬರಬಹುದು, ಕೆಲವರ ಮಕ್ಕಳಿಗೆ ನೌಕರಿ ಸಿಗಬಹುದು, ಮನೆಗೊಂದು ಕಾರು ಬರಬಹುದು. ಕಾರು ನೋಡಲು ಹೊರಟ ಹುಡುಗರಿಗೆ ಹೇಳುವುದಿಷ್ಟು: ಮನೆಯಲ್ಲಿ ‘ಎಲ್ಲಾದ್ರೂ ಕೂತ್ಕೋತೀನಿ’ ಅನ್ನುವವರು ಯಾರಿದ್ದಾರೋ ಅವರನ್ನು ಕರೆದುಕೊಂಡು ಹೋಗಿ. ಅವರನ್ನು ನಡುವೆ ಕೂರಿಸಿ, ನೀವೂ ಪಕ್ಕದಲ್ಲಿ ಕೂತು, ಗಾಡಿಯನ್ನು ಷೋರೂಮಿನವರ ಕೈಲಿ ಹಂಪಿರುವ ರಸ್ತೆಯಲ್ಲಿ ಓಡಿಸಿ. ಆಮೇಲೆ ಬೆಲೆ ಕೇಳಿ.

ಕಾರು ಕಟ್ಟುವವರಿಗೂ ಒಂದು ಮಾತು, ಅವರೇನು ದೂರದವರಲ್ಲ. ಗಾಡಿಯ ಒಂದೊಂದು ಬೋಲ್ಟನ್ನೂ ಬಿಗಿಯುತ್ತಿರುವ ಕೈಗಳಲ್ಲಿ ನಮ್ಮ ಹಳ್ಳಿಯ ಮಕ್ಕಳ ಕೈಯೂ ಇದೆ. ನಡುಸೀಟಿಗೆ ಸಮತಟ್ಟು ನೆಲ, ಭುಜದಿಂದ ಇಳಿಯುವ ಮೂರು ಬಿಂದುವಿನ ಬೆಲ್ಟು, ತಲೆಗೊಂದು ಆಸರೆ, ಈ ಮೂರನ್ನು ಅತಿ ಕಡಿಮೆ ಬೆಲೆಯ ಮಾಡೆಲಿನಿಂದಲೇ ಕೊಡಿ. ಸ್ಕ್ರೀನು ಎರಡಿಂಚು ಚಿಕ್ಕದಾದರೆ ಯಾರ ಬೆನ್ನೂ ನೋಯುವುದಿಲ್ಲ.